ಗಾಯಕ್ಕೆ ಪಟ್ಟಿ, ಗಾಬರಿಗೆ ಮಾತು



ಈ ಮಾತನ್ನು ಒಂದು ಪ್ರಶ್ನೆಪತ್ರಿಕೆಯಿಂದ ಆರಂಭಿಸುವುದು ಸೂಕ್ತವೆಂದು ತೋರುತ್ತದೆ. ರೋಗಿಗಳ ಆರೈಕೆಯನ್ನೇ ವೃತ್ತಿಯಾಗಿ ಹಿಡಿಯಲಿರುವ ತರುಣ ತರುಣಿಯರಿಗೆ ನಮ್ಮ ಕಾಲೇಜುಗಳಲ್ಲಿ ಅಂಗರಚನೆ, ಶರೀರಕ್ರಿಯೆಗಳ ಜೊತೆಗೆ ಮನಶ್ಶಾಸ್ತ್ರವನ್ನೂ ಒಂದಿಷ್ಟು ಬೋಧಿಸುವ ರೂಢಿಯಿದೆ. ಶುಶ್ರೂಷಾ ಪದವಿಯ ಮೊದಲ ವರ್ಷದಲ್ಲಿಯೇ ಅದೊಂದು ಪಠ್ಯವಿಷಯ. ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಈ ಬಗೆಯವು: ‘ಭಾವೋದ್ವೇಗ ಎಂದರೇನು? ಜೇಮ್ಸ್ ಮತ್ತು ಲಾಂಗೆ ಅವರ ಸಿದ್ಧಾಂತವನ್ನು ವಿವರಿಸಿ.’ ವಿದ್ಯಾರ್ಥಿ ವಿವರಿಸುತ್ತಾನೆ. ಅಂಕ ಬರುತ್ತದೆ. ಮುಂದೊಂದು ದಿನ ಅದೇ ವಿದ್ಯಾರ್ಥಿ ಆಂಬುಲೆನ್ಸಿನ ಹಿಂಬಾಗಿಲಿನಿಂದ ಇಳಿದು, ರಕ್ತದಲ್ಲಿ ನೆಂದ ಒಬ್ಬನ ಮುಂದೆಯೂ ಅವನ ಸುತ್ತ ಕೂಗಾಡುತ್ತಿರುವ ನೂರು ಜನರ ನಡುವೆಯೂ ನಿಲ್ಲಬೇಕಾಗುತ್ತದೆ. ಆಗ ಪರೀಕ್ಷೆಯಲ್ಲಿ ಬರೆದ ಆ ಉತ್ತರ ಅವನ ಜೊತೆಗೆ ಇಳಿದು ಬರುತ್ತದೆಯೇ, ಅಥವಾ ಉತ್ತರಪತ್ರಿಕೆಯಲ್ಲಿಯೇ ಉಳಿದುಬಿಡುತ್ತದೆಯೇ? ಮನಶ್ಶಾಸ್ತ್ರವನ್ನು ಪಾಠ ಹೇಳುತ್ತ ಬಂದ ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆ ಇದು. ಇದಕ್ಕೆ ಉತ್ತರವನ್ನು ಗ್ರಂಥಾಲಯದಲ್ಲಿ ಹುಡುಕುವ ಬದಲು ಬೆಂಗಳೂರು ದಂಡುಪ್ರದೇಶದ ರಸೆಲ್ ಮಾರುಕಟ್ಟೆಯಲ್ಲಿ ಹುಡುಕೋಣವೆಂದು ಇಂದು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೇನೆ.

ಮಾರುಕಟ್ಟೆಯೇ ಏಕೆ ಎಂದು ನೀವು ಕೇಳಬಹುದು. 1927ರಲ್ಲಿ ಕಟ್ಟಿದ, ಆಗಿನ ಪುರಸಭೆಯ ಕಮಿಷನರ್ ಟಿ. ಬಿ. ರಸೆಲ್ ಅವರ ಹೆಸರನ್ನು ಹೊತ್ತ, 1933ರಲ್ಲಿ ವಿಧ್ಯುಕ್ತವಾಗಿ ಆರಂಭವಾದ ಆ ಕಟ್ಟಡದ ಗೋಪುರ ಕಮಾನುಗಳನ್ನು ನೋಡಿದವರು ಮರೆಯಲಾರರು. ತರಕಾರಿ, ಹಣ್ಣು, ಹೂವು, ಮಾಂಸ, ಮೀನು ಎಲ್ಲವೂ ಒಂದೇ ಆವರಣದಲ್ಲಿ ದೊರೆಯುವ ಸ್ಥಳ ಅದು. ಒಂದು ಪಕ್ಕದಲ್ಲಿ ಸಂತ ಮೇರಿಯ ಬೆಸಿಲಿಕಾ, ಸುತ್ತ ಮಸೀದಿಗಳು, ಕೂಗಳತೆಯಲ್ಲಿ ಶಿವಾಜಿನಗರದ ಬಸ್ಸು ನಿಲ್ದಾಣ. ಸೆಪ್ಟೆಂಬರಿನ ಮೇರಿ ಮಾತೆಯ ಉತ್ಸವದಲ್ಲಿ, ರಂಜಾನಿನ ರಾತ್ರಿಗಳಲ್ಲಿ ಅಲ್ಲಿ ಹೆಜ್ಜೆ ಊರಲೂ ಜಾಗವಿರುವುದಿಲ್ಲ. ಮಾರುವವನು ದಖನಿ ಉರ್ದುವಿನಲ್ಲಿ ಬೆಲೆ ಹೇಳಿದರೆ ಕೊಳ್ಳುವವಳು ತಮಿಳಿನಲ್ಲಿ ಚೌಕಾಸಿ ಮಾಡುತ್ತಾಳೆ, ಮೂಟೆ ಹೊತ್ತವನು ಕನ್ನಡದಲ್ಲಿ ‘ದಾರಿ, ದಾರಿ’ ಎನ್ನುತ್ತಾನೆ. ಇಂಥ ಜಾಗದಿಂದ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಮೈಸೂರು ಸಂಸ್ಥಾನದ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರಿನಲ್ಲಿ 1860ರ ದಶಕದಲ್ಲಿ ಎದ್ದ ಆ ಆಸ್ಪತ್ರೆಗೆ ಪ್ಯಾರಿಸ್ ನಗರದ ಒಂದು ಆಸ್ಪತ್ರೆ ಮಾದರಿಯಾಗಿತ್ತು. ಇಂದು ಅದರ ಜೊತೆಗೆ ವೈದ್ಯಕೀಯ ಕಾಲೇಜೂ ಇದೆ. ಮಾರುಕಟ್ಟೆಗೂ ಆಸ್ಪತ್ರೆಗೂ ನಡುವಿನ ಈ ಹತ್ತು ನಿಮಿಷದ ಹಾದಿಯೇ ಇಂದಿನ ನನ್ನ ವಿಷಯ. ವೈದ್ಯನು ಬರುವ ಮುನ್ನ, ಆಸ್ಪತ್ರೆಯ ಬಾಗಿಲು ತೆರೆಯುವ ಮುನ್ನ, ಮನುಷ್ಯನ ದೇಹಕ್ಕೂ ಮನಸ್ಸಿಗೂ ಏನಾಗುತ್ತದೆ ಮತ್ತು ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದು.

ಮೊದಲು ನಮ್ಮ ನಾಡಿನಲ್ಲಿ ಮನಶ್ಶಾಸ್ತ್ರ ಬೆಳೆದ ಬಗೆಯನ್ನು ಎರಡು ಮಾತಿನಲ್ಲಿ ನೆನೆಯೋಣ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾಯಿತು. ಭಾರತದಲ್ಲಿ ಅದಕ್ಕಿಂತ ಹಿರಿದಾದದ್ದು ಕಲ್ಕತ್ತೆಯ ವಿಭಾಗವೊಂದೇ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಅದರ ಸ್ಥಾಪಕರು. ಇದೇ ಮಹನೀಯರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯುತ್ತಿದ್ದ ಒಬ್ಬ ಪ್ರಾಧ್ಯಾಪಕನಿಗೆ, ಕಾಣದ ಮನುಷ್ಯನ ಕಿವಿಗೆ ಒಂದು ಮಾತು ತಲುಪಬೇಕೆಂಬ ಹಂಬಲವೂ ಇತ್ತೆಂಬುದು ನನಗೆ ಬಹು ಅರ್ಥವತ್ತಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದೇ 1974ರಲ್ಲಿ ಇಂದು ನಾವೆಲ್ಲ ಬಲ್ಲ ನಿಮ್ಹಾನ್ಸ್ ಆಯಿತು. ಸಾಹಿತ್ಯದ ಕಡೆಯಿಂದ ನೋಡಿದರೆ, ‘ಕೊರವಂಜಿ’ಯ ರಾಶಿ ಎಂದು ಕನ್ನಡಿಗರು ಪ್ರೀತಿಸಿದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೀಗೆ ಮನಸ್ಸಿನ ವಿಚಾರದಲ್ಲಿ ಕನ್ನಡಕ್ಕೆ ಬಡತನವೇನೂ ಇಲ್ಲ. ಬಡತನವಿರುವುದು ಬೇರೊಂದು ಕಡೆ. ಈ ತಿಳಿವಳಿಕೆ ಬೀದಿಯಲ್ಲಿ ಕೆಲಸ ಮಾಡುವ ಕೈಗಳಿಗೆ ಇಳಿದು ಬರುವ ದಾರಿಯಲ್ಲಿ.

ಆ ಕೈಗಳಿಗೆ ನಾವು ಇಟ್ಟಿರುವ ಹೆಸರನ್ನೇ ನೋಡಿ. ಇಂಗ್ಲಿಷಿನ ‘ಪ್ಯಾರಾಮೆಡಿಕಲ್’ ಎಂಬ ಪದಕ್ಕೆ ನಮ್ಮ ಸರ್ಕಾರಿ ಕನ್ನಡದಲ್ಲಿ ‘ಅರೆವೈದ್ಯಕೀಯ’ ಎಂಬ ಮಾತು ನೆಲೆಯಾಗಿದೆ. ‘ಪ್ಯಾರಾ’ ಎಂಬ ಗ್ರೀಕ್ ಉಪಸರ್ಗಕ್ಕೆ ‘ಪಕ್ಕದಲ್ಲಿ’ ಎಂದು ಅರ್ಥ, ‘ಅರ್ಧ’ ಎಂದಲ್ಲ. ವೈದ್ಯನ ಪಕ್ಕದಲ್ಲಿ ನಿಂತವನು ನಮ್ಮ ಭಾಷಾಂತರದಲ್ಲಿ ಅರ್ಧ ವೈದ್ಯನಾಗಿಬಿಟ್ಟ! ಕನ್ನಡದಲ್ಲಿ ‘ಅರೆ’ ಎಂಬುದು ಅರೆಬೆಂದದ್ದಕ್ಕೂ ಅರೆಬರೆಯಾದದ್ದಕ್ಕೂ ಅಂಟಿಕೊಂಡ ಮಾತು. ಆ ತಾತ್ಸಾರ ಹೆಸರಿನ ಜೊತೆಗೇ ಬಂದು ಕೂತಿತು. ಅಪಘಾತವಾದವನ ಪಾಲಿಗಾದರೋ ಮೊದಲ ಅರ್ಧ ಗಂಟೆಯಲ್ಲಿ ಈತನೇ ಪೂರ್ಣ ವೈದ್ಯ, ಬೇರೆ ವೈದ್ಯನಿಲ್ಲ.

ಈ ವೃತ್ತಿಯ ಹುಟ್ಟನ್ನು ಹುಡುಕುತ್ತ ಹೋದರೆ ನಮಗೆ ದೊರೆಯುವ ಒಂದು ದೃಷ್ಟಾಂತ ಅಮೆರಿಕದ ಪಿಟ್ಸ್‌ಬರ್ಗ್ ನಗರದ್ದು. 1960ರ ದಶಕದಲ್ಲಿ ಅಲ್ಲಿಯ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದುದು ಪೊಲೀಸರ ವ್ಯಾನು ಅಥವಾ ಶವ ಸಾಗಿಸುವ ಬಂಡಿ. 1967ರಲ್ಲಿ ಪೀಟರ್ ಸಾಫರ್ ಎಂಬ ವೈದ್ಯರ ಮಾರ್ಗದರ್ಶನದಲ್ಲಿ, ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಕರಿಯರ ಕೇರಿಯ ನಿರುದ್ಯೋಗಿ ತರುಣರನ್ನು ಆರಿಸಿ ತಿಂಗಳುಗಟ್ಟಲೆ ತರಬೇತಿ ಕೊಟ್ಟು ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆಯನ್ನು ಕಟ್ಟಲಾಯಿತು. ಅವರಲ್ಲಿ ಶಾಲೆಯನ್ನು ಪೂರ್ತಿ ಮುಗಿಸದವರೂ ಇದ್ದರು. ಮುಂದೆ ನ್ಯಾನ್ಸಿ ಕ್ಯಾರೊಲೈನ್ ಎಂಬ ವೈದ್ಯೆ ಅವರೊಡನೆ ದುಡಿದು ರೂಪಿಸಿದ ಪಾಠಕ್ರಮ ಆ ದೇಶಕ್ಕೇ ಮಾದರಿಯಾಯಿತು. ಸೇವೆಯನ್ನೇನೋ 1975ರಲ್ಲಿ ಮುಚ್ಚಿಬಿಟ್ಟರು. ಆದರೆ ಒಂದು ಸತ್ಯವನ್ನು ಅದು ತೋರಿಸಿಕೊಟ್ಟಿತ್ತು: ಜೀವ ಉಳಿಸುವ ವಿದ್ಯೆಗೆ ದೊಡ್ಡ ಪದವಿ ಬೇಡ, ಕಟ್ಟುನಿಟ್ಟಾದ ಶಿಕ್ಷಣ ಬೇಕು. ಆ ಬೀದಿಯನ್ನೂ ಆ ಬೀದಿಯ ಮಾತನ್ನೂ ಬಲ್ಲವನ ಕೈಗೆ ಆ ಶಿಕ್ಷಣ ಬಂದರೆ ಅದರ ಬಲ ಇಮ್ಮಡಿಯಾಗುತ್ತದೆ. ನಮ್ಮ ರಾಜ್ಯದಲ್ಲಿ 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 108ರ ಆಂಬುಲೆನ್ಸ್ ಸೇವೆ ಆರಂಭವಾಯಿತು. ಅಂದಿನಿಂದ ಹಳ್ಳಿ ಪಟ್ಟಣಗಳೆಂಬ ಭೇದವಿಲ್ಲದೆ ಆ ಮೂರು ಅಂಕಿಗಳು ಜನರ ನಾಲಗೆಗೆ ಬಂದಿವೆ.

ಈಗ ಮಾರುಕಟ್ಟೆಗೆ ಬರೋಣ. ಬೆಳಗಿನ ಹೊತ್ತು ಮೂಟೆ ಹೊರುವ ಆಳೊಬ್ಬನು ತಲೆಯ ಹೊರೆಯನ್ನು ಇಳಿಸಿ ತೂರಾಡುತ್ತ ಕುಸಿದನೆಂದು ಭಾವಿಸಿ. ಮೈಯೆಲ್ಲ ಬೆವರು, ಮಾತು ತೊದಲು, ಕೇಳಿದ್ದಕ್ಕೆ ಸಿಡುಕು. ಸುತ್ತಲಿನವರ ತೀರ್ಪು ಕ್ಷಣದಲ್ಲಿ ಹೊರಬೀಳುತ್ತದೆ: ‘ಕುಡಿದಿದ್ದಾನೆ.’ ರಕ್ತದಲ್ಲಿ ಸಕ್ಕರೆ ಇಳಿದುಹೋದ ಮಧುಮೇಹಿಯ ಲಕ್ಷಣವೂ ಅಕ್ಷರಶಃ ಇದೇ ಆಗಿರುತ್ತದೆ. ಔಷಧಿ ನುಂಗಿ, ಏನನ್ನೂ ತಿನ್ನದೆ ದುಡಿಯಲು ಬಂದವನಿಗೆ ಇದು ಸಂಭವಿಸಬಹುದು. ಎಚ್ಚರವಿದ್ದು ನುಂಗಬಲ್ಲವನಾದರೆ ಒಂದಿಷ್ಟು ಸಕ್ಕರೆಯೋ ಹಣ್ಣಿನ ರಸವೋ ಅವನನ್ನು ಉಳಿಸುತ್ತದೆ. ‘ಕುಡುಕ’ ಎಂಬ ಒಂದು ಪದ ಅವನನ್ನು ಕೊಲ್ಲುತ್ತದೆ. ಒಂದು ಗುಣವನ್ನು ಕಂಡು ಇಡೀ ವ್ಯಕ್ತಿಯನ್ನು ಅಳೆದುಬಿಡುವ ಮನಸ್ಸಿನ ಅಭ್ಯಾಸವನ್ನು ಕುರಿತು ಮನಶ್ಶಾಸ್ತ್ರದ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಹರಿದ ಬನಿಯನ್ನು ತೊಟ್ಟವನ ತೊದಲು ಕುಡಿತವಾಗಿಯೂ ಗರಿಗರಿಯಾದ ಅಂಗಿ ತೊಟ್ಟವನ ತೊದಲು ಕಾಯಿಲೆಯಾಗಿಯೂ ಏಕೆ ಕಾಣುತ್ತದೆಂಬುದನ್ನು ಆ ಅಧ್ಯಾಯ ವಿವರಿಸಬಲ್ಲದು. ಆದರೆ ವಿದ್ಯಾರ್ಥಿ ಅದನ್ನು ಮೂಟೆ ಹೊರುವವನ ಮೇಲೆ ಇಟ್ಟು ನೋಡದ ಹೊರತು ಆ ಅಧ್ಯಾಯ ಅವನದಾಗುವುದಿಲ್ಲ.

‘ಗಾಬರಿ’ ಎಂಬ ಮಾತೂ ಇಂಥದೇ. ಅಪಘಾತದ ಜಾಗದಲ್ಲಿ ಒಬ್ಬನು ಚಡಪಡಿಸುತ್ತಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಮೈ ತಣ್ಣಗಾಗಿ ಬೆವರುತ್ತಿದ್ದರೆ ‘ಏನಿಲ್ಲ, ಗಾಬರಿಯಾಗಿದ್ದಾನೆ’ ಎನ್ನುವುದು ಸುಲಭ. ಒಳಗೆ ರಕ್ತ ಸೋರುತ್ತಿರುವವನಿಗೂ, ಉಸಿರಿನ ಗಾಳಿ ಸಾಲದವನಿಗೂ ಇದೇ ಚಡಪಡಿಕೆ ಇರುತ್ತದೆ. ಆದುದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮೊದಲ ಸೂತ್ರ ಇದು: ಮನಶ್ಶಾಸ್ತ್ರ ಓದಿದ್ದೀರೆಂದು ಮೊದಲು ಮನಸ್ಸನ್ನು ನೋಡಬೇಡಿ, ನಾಡಿ, ಉಸಿರು, ರಕ್ತ, ಇವನ್ನು ನೋಡಿ. ದೇಹದ ಕಾರಣಗಳು ಒಂದೊಂದಾಗಿ ಇಲ್ಲವೆಂದಾದ ಮೇಲೆ ಮಾತ್ರ ಅದು ಗಾಬರಿ. ಆಗಲೂ ‘ಬರೀ ಗಾಬರಿ’ ಅಲ್ಲ. ಜೇಮ್ಸ್ ಮಹಾಶಯ 1884ರಷ್ಟು ಹಿಂದೆಯೇ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಾವು ಹೆದರಿದ್ದರಿಂದ ನಡುಗುವುದಿಲ್ಲ, ನಡುಗುವುದರಿಂದ ಹೆದರುತ್ತೇವೆ ಎಂದಾತ ವಾದಿಸಿದ. ಸಿದ್ಧಾಂತವಾಗಿ ಅದರ ಮೇಲೆ ಬೇಕಾದಷ್ಟು ಆಕ್ಷೇಪಗಳು ಬಂದಿವೆ. ಆದರೂ ಹೆದರಿದವಳ ಪಕ್ಕದಲ್ಲಿ ಕುಳಿತು, ‘ಅಮ್ಮಾ, ನನ್ನ ಜೊತೆ ಉಸಿರು ಬಿಡಿ, ನಿಧಾನವಾಗಿ’ ಎಂದು ಹೇಳಿ ನೋಡಿ. ಉಸಿರು ನಿಧಾನವಾದಂತೆ ಹೆದರಿಕೆಯೂ ಎಷ್ಟೋ ಇಳಿಯುವುದನ್ನು ಕಾಣುತ್ತೀರಿ. ಪರೀಕ್ಷೆಯ ಐದು ಅಂಕದ ಉತ್ತರ ಬೀದಿಯಲ್ಲಿ ಇಷ್ಟು ಸಣ್ಣ ಮಾತಾಗಿ ಇಳಿಯುತ್ತದೆ.

ಇನ್ನು ಗುಂಪು. ಗುಂಪನ್ನು ಕುರಿತ ಪಾಠದಲ್ಲಿ ತಪ್ಪದೆ ಬರುವ ಪ್ರಯೋಗ ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ವಿದ್ವಾಂಸರು ನ್ಯೂಯಾರ್ಕಿನಲ್ಲಿ ನಡೆಸಿ 1968ರಲ್ಲಿ ಪ್ರಕಟಿಸಿದ್ದು. ಬೇರೆ ಕೋಣೆಯಲ್ಲಿರುವ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಲಾಯಿತು. ಅದನ್ನು ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದವರಲ್ಲಿ ನೂರಕ್ಕೆ 85 ಮಂದಿ ಮೂರ್ಛೆಯ ಧ್ವನಿ ನಿಲ್ಲುವ ಮುನ್ನವೇ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ 31 ಮಂದಿ ಮಾತ್ರ. ಜನ ಹೆಚ್ಚಿದಷ್ಟೂ ಹೊಣೆ ಹಂಚಿಹೋಗಿ ತೆಳುವಾಗುತ್ತದೆಂಬುದು ತಾತ್ಪರ್ಯ. ಇದನ್ನು ಓದಿದ ವಿದ್ಯಾರ್ಥಿ ರಸೆಲ್ ಮಾರುಕಟ್ಟೆಯಲ್ಲಿ ನಿಂತರೆ ಅವನಿಗೆ ಅಚ್ಚರಿ ಕಾದಿರುತ್ತದೆ. ಅಲ್ಲಿ ಮೂರ್ಛೆ ಬಂದವನ ಸುತ್ತ ಜನ ಸುಮ್ಮನೆ ನಿಲ್ಲುವುದಿಲ್ಲ. ಎಲ್ಲರೂ ಏನಾದರೊಂದನ್ನು ಮಾಡುತ್ತಾರೆ! ಒಬ್ಬ ಕಬ್ಬಿಣದ ಬೀಗದಕೈಯನ್ನು ಅವನ ಮುಷ್ಟಿಯಲ್ಲಿ ಇಡುತ್ತಾನೆ, ಮತ್ತೊಬ್ಬ ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುತ್ತಾನೆ, ಮೂರನೆಯವನು ಬಾಯಿಗೆ ನೀರು ಹುಯ್ಯಲು ಬರುತ್ತಾನೆ. ಇವುಗಳಿಂದ ಮೂರ್ಛೆ ನಿಲ್ಲುವುದಿಲ್ಲ. ಎಚ್ಚರವಿಲ್ಲದವನ ಬಾಯಿಗೆ ನೀರು ಹುಯ್ದರೆ ಶ್ವಾಸನಾಳಕ್ಕೆ ಇಳಿದು ಅನಾಹುತವೇ ಆದೀತು. ಅವನ ತಲೆ ನೆಲಕ್ಕೆ ಬಡಿಯದಂತೆ ಕಾದು, ಸುತ್ತಲಿನ ವಸ್ತುಗಳನ್ನು ಸರಿಸಿ, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು ಸರಿಯಾದ ಕ್ರಮ. ಸೆಳೆತ ಐದು ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಹೋಗಬೇಕು.

ಆದರೆ ಈ ಕ್ರಮವನ್ನು ಬಲ್ಲವನು ಬಂದು ‘ಏನ್ರೀ ಮೂಢನಂಬಿಕೆ ನಿಮ್ಮದು, ದೂರ ಹೋಗಿ’ ಎಂದು ಗದರಿದರೆ ಏನಾಗುತ್ತದೆ? ಬೀಗದಕೈ ಹಿಡಿದವನಿಗೆ ಅವಮಾನವಾಗುತ್ತದೆ, ಗುಂಪು ಕೆರಳುತ್ತದೆ, ಕೆಲಸ ಕೆಡುತ್ತದೆ. ಈರುಳ್ಳಿ ಹಿಡಿದ ಆ ಕೈಯಲ್ಲಿ ಇರುವುದು ಬರೀ ಅಜ್ಞಾನವಲ್ಲ. ಕಣ್ಣೆದುರಿಗೆ ಒಂದು ಜೀವ ಒದ್ದಾಡುವಾಗ ಕೈಕಟ್ಟಿ ನಿಲ್ಲಲಾರದ ಕನಿಕರವೂ ಅಲ್ಲಿದೆ. ಬಲ್ಲವನ ಕೆಲಸ ಆ ಕನಿಕರಕ್ಕೆ ಸರಿಯಾದ ಕೆಲಸ ಕೊಡುವುದು. ‘ಭಾಯ್, ಈ ಟವೆಲನ್ನು ಅವರ ತಲೆಯ ಕೆಳಗೆ ಹಿಡಿಯಿರಿ. ಅಣ್ಣಾ, ನೀಲಿ ಅಂಗಿಯವರೇ, ನೀವು 108ಕ್ಕೆ ಕರೆ ಮಾಡಿ, ಮಾರುಕಟ್ಟೆಯ ಯಾವ ಬಾಗಿಲೆಂದು ಹೇಳಿ. ಅಕ್ಕಾ, ಈ ಹುಡುಗರನ್ನು ಸ್ವಲ್ಪ ಹಿಂದೆ ಕಳಿಸಿ, ಗಾಳಿ ಬರಲಿ.’ ನೋಡಿ, ಹೊಣೆ ಹಂಚಿ ತೆಳುವಾಗುತ್ತದೆಂಬ ನ್ಯೂಯಾರ್ಕಿನ ಪಾಠಕ್ಕೂ, ಹೊಣೆ ಉಕ್ಕಿ ಗೊಂದಲವಾಗುವ ಶಿವಾಜಿನಗರದ ಅನುಭವಕ್ಕೂ ಮದ್ದು ಒಂದೇ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ, ಮುಖ ನೋಡಿ, ಅವರಿಗೆ ಸಲ್ಲುವ ಸಂಬೋಧನೆಯಿಂದ ಕರೆದು ಒಂದೊಂದು ಕೆಲಸ ಒಪ್ಪಿಸುವುದು.

ಜನರು ನೆರವಿಗೆ ಹಿಂಜರಿಯುವುದಕ್ಕೆ ಮನಸ್ಸಿನ ಹೊರಗೂ ಕಾರಣಗಳಿದ್ದುವು. ಪೊಲೀಸು, ಸಾಕ್ಷಿ, ಕೋರ್ಟು ಎಂಬ ಅಲೆದಾಟದ ಭಯ ಅದು. ಅದನ್ನು ಕಳೆಯಲೆಂದೇ ನಮ್ಮ ವಿಧಾನಮಂಡಲ 2016ರಲ್ಲಿ ಪರೋಪಕಾರಿಗಳ ರಕ್ಷಣೆಗಾಗಿ ಒಂದು ಕಾಯಿದೆಯನ್ನು ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯನ್ನು 25,000 ರೂಪಾಯಿಯವರೆಗೆ ಸರ್ಕಾರವೇ ಭರಿಸುವ ಯೋಜನೆಯೂ ಅದೇ 2016ರಲ್ಲಿ ಬಂದಿತು. ಅಪಘಾತದಲ್ಲಿ ದೇಹ ತುಂಡಾಗಿ ಬಿದ್ದಿದ್ದಾಗಲೂ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಬೇಡಿಕೊಂಡ ತರುಣ ಹರೀಶನ ಹೆಸರನ್ನು ಆ ಯೋಜನೆಗೆ ಇಟ್ಟರು. ‘ಸಾಂತ್ವನ’ ಎಂಬ ಪದವನ್ನೂ ಆ ಹೆಸರಿನಲ್ಲಿ ಸೇರಿಸಿದರು. ಹಣದ ನೆರವಿಗೆ ಸಾಂತ್ವನವೆಂದು ಹೆಸರಿಟ್ಟವರು ತಿಳಿದೋ ತಿಳಿಯದೆಯೋ ಒಂದು ದೊಡ್ಡ ಮಾತನ್ನು ಹೇಳಿದ್ದಾರೆ. ಗಾಯಾಳುವಿಗೆ ಬೇಕಾದ ಎರಡನ್ನೂ ಅದು ಒಂದೇ ಮಾತಿನಲ್ಲಿ ಕಟ್ಟಿದೆ.

ಸಾಂತ್ವನವೆಂದ ಕೂಡಲೇ ಭಾಷೆಯ ಪ್ರಶ್ನೆ ಬರುತ್ತದೆ. ನಮ್ಮ ತರಬೇತಿಯ ಕೈಪಿಡಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಸಾವಿನ ಸುದ್ದಿಯನ್ನು ಹೇಳುವಾಗ ಸುತ್ತಿಬಳಸದೆ ಸ್ಪಷ್ಟವಾದ ಪದವನ್ನೇ ಬಳಸಬೇಕೆಂದು ಅವು ಹೇಳುತ್ತವೆ. ತತ್ತ್ವ ಸರಿಯಾದದ್ದೇ. ಆದರೆ ಆ ಇಂಗ್ಲಿಷ್ ಪದವನ್ನು ಹಾಗೆಯೇ ಕನ್ನಡಕ್ಕೆ ತಂದು, ‘ನಿಮ್ಮ ತಂದೆ ಸತ್ತರು’ ಎಂದರೆ ಮಗನ ಕಿವಿಗೆ ಅದು ಬೈಗುಳದಂತೆ ಬಡಿಯುತ್ತದೆ. ‘ಹೋಗಿಬಿಟ್ಟರು’ ಎಂದರೆ ‘ಯಾವ ಆಸ್ಪತ್ರೆಗೆ?’ ಎಂದು ಕೇಳುವವರಿದ್ದಾರೆ. ‘ತೀರಿಕೊಂಡರು’ ಎಂಬ ಮಾತಿನಲ್ಲಿ ಸ್ಪಷ್ಟತೆಯೂ ಗೌರವವೂ ಎರಡೂ ಇವೆ. ಉರ್ದು ಮಾತನಾಡುವ ಮನೆಯವರಿಗೆ ‘ಇಂತೆಕಾಲ್’ ಎಂಬುದು ಅಂಥ ಪದ. ತಮಿಳರು ‘ತವರಿಟ್ಟಾರ್’ ಎನ್ನುತ್ತಾರೆ. ಅರಿಯದ ಕನ್ನಡದ ಕಿವಿಗೆ ಅದು ತವರಿಗೆ ಹೋದಂತೆ ಕೇಳಿಸೀತು! ಒಂದೇ ಮಾರುಕಟ್ಟೆಯಲ್ಲಿ ಸಾವಿಗೆ ಇಷ್ಟು ಹೆಸರುಗಳಿರುವಾಗ, ಅಲ್ಲಿ ದುಡಿಯುವ ಶುಶ್ರೂಷಕನು ಇಷ್ಟನ್ನೂ ಕಲಿತಿರಬೇಕಾದದ್ದು ಅನಿವಾರ್ಯ. ನೋವಿಗೂ ಹಾಗೆಯೇ. ನಮ್ಮ ಹೆಂಗಸರು ‘ಮನಸ್ಸಿಗೆ ಖಿನ್ನತೆಯಾಗಿದೆ’ ಎನ್ನುವುದಿಲ್ಲ. ‘ಎದೆ ಭಾರ’, ‘ಹೊಟ್ಟೆಯಲ್ಲಿ ಸಂಕಟ’, ‘ಕೈಕಾಲು ಸತ್ತುಹೋದಂತಿದೆ’ ಎನ್ನುತ್ತಾರೆ. ಮನಸ್ಸಿನ ವೇದನೆ ದೇಹದ ಹೆಸರಿನಲ್ಲಿ ಹೊರಬರುತ್ತದೆ. ಇದರ ಕೋಶವೊಂದು ವಿದ್ಯಾರ್ಥಿಯ ಕಿಸೆಯಲ್ಲಿರಬೇಕು. ಅದನ್ನು ಅವನೇ ಬೀದಿಯಲ್ಲಿ ಕೇಳಿ ಬರೆದುಕೊಂಡಿರಬೇಕು.

ದೊಡ್ಡ ದುರಂತಗಳು ಕಲಿಸಿದ ಪಾಠವನ್ನೂ ಇಲ್ಲಿ ಹೇಳಬೇಕು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ಮಕ್ಕಳ ಬಂಧುಗಳ ಶೋಕವನ್ನು ನಿಮ್ಹಾನ್ಸಿನ ಸಂಶೋಧಕರು ಅಭ್ಯಸಿಸಿದರು. ಆಮೇಲೆ 1984ರ ಭೋಪಾಲ್, 2001ರ ಗುಜರಾತಿನ ಭೂಕಂಪ, 2004ರ ಸುನಾಮಿ, ಹೀಗೆ ಒಂದೊಂದು ವಿಪತ್ತಿನಲ್ಲಿಯೂ ಮನೋವೈದ್ಯರಲ್ಲದವರಿಗೆ ಮನಸ್ಸಿನ ಆರೈಕೆಯನ್ನು ಕಲಿಸುವ ಪ್ರಯತ್ನ ಬೆಳೆಯುತ್ತ ಬಂದಿತು. ವಿಪತ್ತಿಲ್ಲದ ದಿನಗಳಿಗೂ ಇದು ಹೊಂದುತ್ತದೆಂದು ತೋರಿಸಿದ ಹಿರಿಮೆ ನಮ್ಮ ಬಳ್ಳಾರಿ ಜಿಲ್ಲೆಯದು. 1985ರಿಂದ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ಕಾಯಿಲೆಯನ್ನು ಗುರುತಿಸುವ ಶಿಕ್ಷಣ ಕೊಟ್ಟು ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಈ ಅನುಭವಗಳಿಂದ ಮೂಡಿದ ತಿಳಿವಿನಲ್ಲಿ ಒಂದು ಅಂಶ ಸಾಮಾನ್ಯರ ನಂಬಿಕೆಗೆ ವಿರುದ್ಧವಾದುದು. ದುಃಖದಲ್ಲಿರುವವನು ನಡೆದುದನ್ನೆಲ್ಲ ಆಗಿಂದಾಗಲೇ ಹೇಳಿಕೊಂಡು ಅತ್ತುಬಿಟ್ಟರೆ ಹಗುರಾಗುತ್ತಾನೆಂದು ಎಲ್ಲರೂ ಭಾವಿಸುತ್ತಿದ್ದರು. ಹಾಗೆ ಬಲವಂತವಾಗಿ ಹೇಳಿಸುವುದರಿಂದ ಉಪಯೋಗವಿಲ್ಲ, ಕೆಲವರಿಗೆ ಕೇಡೂ ಆಗಬಹುದೆಂದು ಸಂಶೋಧನೆಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆ ಇತರರೊಡನೆ ಸೇರಿ 2011ರಲ್ಲಿ ಪ್ರಕಟಿಸಿದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರೇ ಕೆಲಸಗಳನ್ನು ಹೇಳುತ್ತದೆ: ನೋಡು, ಕೇಳು, ಕೂಡಿಸು. ಅಪಾಯವೇನೆಂದು ನೋಡು. ಅವರಾಗಿ ಹೇಳಿದ್ದನ್ನು ಕೇಳು. ಅವರವರ ಜನದ ಜೊತೆಗೆ, ಬೇಕಾದ ನೆರವಿನ ಜೊತೆಗೆ ಅವರನ್ನು ಕೂಡಿಸು. ರಸೆಲ್ ಮಾರುಕಟ್ಟೆಯಲ್ಲಿಯೇ 2012ರ ಫೆಬ್ರವರಿ 25ರ ನಸುಕಿನಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟುಹೋದುವು. ತಂದೆಯ ಕಾಲದಿಂದ ಕೂತ ಕಟ್ಟೆ ಬೂದಿಯಾದದ್ದನ್ನು ನೋಡುತ್ತ ನಿಂತ ವ್ಯಾಪಾರಿಗೆ ‘ನಿಮಗೆ ಹೇಗನ್ನಿಸುತ್ತಿದೆ?’ ಎಂದು ಕೇಳುವುದು ಮನಶ್ಶಾಸ್ತ್ರವಲ್ಲ. ಒಂದು ಲೋಟ ಚಹಾ ಕೊಟ್ಟು, ಪಕ್ಕದಲ್ಲಿ ಕುಳಿತು, ‘ಮನೆಗೆ ಸುದ್ದಿ ಮುಟ್ಟಿಸಿದಿರಾ?’ ಎನ್ನುವುದು ಮನಶ್ಶಾಸ್ತ್ರ.

ಇಷ್ಟೆಲ್ಲವನ್ನೂ ಇನ್ನೊಬ್ಬರಿಗಾಗಿ ಮಾಡುವವನ ಮನಸ್ಸನ್ನು ನೋಡಿಕೊಳ್ಳುವವರು ಯಾರು? 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಪ್ರಾಣ ಬಿಟ್ಟರು. ಅನೇಕರನ್ನು ಹೊತ್ತು ತಂದುದು ನಾನು ಹೇಳುತ್ತಿರುವ ಈ ಬೌರಿಂಗ್ ಆಸ್ಪತ್ರೆಗೇ. ಸಂಭ್ರಮಿಸಲು ಹೊರಟಿದ್ದ ಎಳೆಯರ ದೇಹಗಳನ್ನು ಸಾಲಾಗಿ ಇಳಿಸಿಕೊಂಡ ಕೈಗಳು ಆ ರಾತ್ರಿ ಮನೆಗೆ ಹೋಗಿ ಅನ್ನ ಕಲಸುವಾಗ ಏನನ್ನು ನೆನೆದಿರಬಹುದು? ವೈದ್ಯನ ದಣಿವನ್ನು ಕುರಿತು ನಾವು ಆಗಾಗ ಮಾತನಾಡುತ್ತೇವೆ. ಸ್ಟ್ರೆಚರ್ ಹಿಡಿದವನ, ಆಂಬುಲೆನ್ಸ್ ನಡೆಸಿದವನ ನಿದ್ದೆಯನ್ನು ಕುರಿತು ಯಾರೂ ಕೇಳುವುದಿಲ್ಲ. ಉಳಿಸಲಾಗದ ಒಂದು ಮಗುವಿನ ಮುಖ ಅವನ ಕಣ್ಣಿಗೆ ಕಟ್ಟಿದರೆ, ಸೈರನ್ನಿನ ಸದ್ದಿಗೆ ಎದೆ ಹೊಡೆದುಕೊಂಡರೆ, ಸಿಡುಕು ಹೆಚ್ಚಾದರೆ, ಅದು ಅವನ ದೌರ್ಬಲ್ಯವಲ್ಲ. ಭಾರ ಹೊತ್ತ ಹೆಗಲ ಮೇಲೆ ಉಳಿದ ಕಂದು. ಅವನಿಗೆ ಬೇಕಾದದ್ದು ಸರದಿಯ ವಿಶ್ರಾಂತಿ, ಜೊತೆಯವರೊಡನೆ ನಾಲ್ಕು ಮಾತು, ಅಗತ್ಯವಾದಾಗ ನಾಚಿಕೆಯಿಲ್ಲದೆ ಹೋಗಬಲ್ಲ ಒಬ್ಬ ತಜ್ಞ. 2022ರ ಅಕ್ಟೋಬರ್ 10ರಂದು ದೇಶದಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಗೆ ನಿಮ್ಹಾನ್ಸೇ ಕೇಂದ್ರ. ಅದರ ಸಂಖ್ಯೆ 14416. ಅದು ರೋಗಿಗೆಷ್ಟೋ ರೋಗಿಯನ್ನು ಹೊತ್ತು ತಂದವನಿಗೂ ಅಷ್ಟೇ. ತನ್ನ ಮನಸ್ಸಿಗೂ ಪೆಟ್ಟು ಬೀಳಬಹುದೆಂಬುದನ್ನು ವಿದ್ಯಾರ್ಥಿ ಮೊದಲ ವರ್ಷದ ತರಗತಿಯಲ್ಲಿಯೇ ಕೇಳಿರಬೇಕು.

ಆದಕಾರಣ ನನ್ನ ಸೂಚನೆ ಇಷ್ಟು. ಈ ವಿದ್ಯಾರ್ಥಿಗಳ ಪಠ್ಯದಿಂದ ಜೇಮ್ಸನನ್ನೂ ಲಾಂಗೆಯನ್ನೂ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಶಾಸ್ತ್ರವಿಲ್ಲದ ಅನುಭವ ಕುರುಡು. ಆದರೆ ಪಾಠದ ಗಂಟೆಗಳಲ್ಲಿ ಒಂದು ಭಾಗವನ್ನಾದರೂ ಮಾರುಕಟ್ಟೆ, ಬಸ್ಸು ನಿಲ್ದಾಣ, ಆಸ್ಪತ್ರೆಯ ಹೊರಜಗುಲಿ, ಇಂಥ ಕಡೆ ಕಳೆಯಲಿ. ಎದೆಯೊತ್ತುವಿಕೆಯನ್ನು ಗೊಂಬೆಯ ಮೇಲೆ ನಿಮಿಷಕ್ಕೆ 100ರಿಂದ 120 ಬಾರಿ ಅಭ್ಯಾಸ ಮಾಡಿಸುವಂತೆ, ಸಾವಿನ ಸುದ್ದಿ ಹೇಳುವುದನ್ನೂ, ಗುಂಪಿಗೆ ಕೆಲಸ ಹಂಚುವುದನ್ನೂ, ಹೆದರಿದ ಮಗುವಿನ ಮಟ್ಟಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ಮಾತನಾಡುವುದನ್ನೂ ಅಭ್ಯಾಸ ಮಾಡಿಸಲಿ. ಪರೀಕ್ಷೆಯಲ್ಲಿ ಅದಕ್ಕೂ ಅಂಕವಿರಲಿ. ಆ ಬೀದಿಯ ಮಕ್ಕಳೇ ಈ ವಿದ್ಯೆಗೆ ಬರುವಂತಾಗಲಿ. ಮೂಟೆ ಹೊರುವವನ ಮಗಳು ಆಂಬುಲೆನ್ಸಿನಿಂದ ಇಳಿದರೆ, ಬಿದ್ದವನು ಕುಡಿದಿದ್ದಾನೆಂದು ಅವಳಿಗೆ ತಟ್ಟನೆ ತೋರುವುದಿಲ್ಲ. ಅವನು ಬೆಳಿಗ್ಗೆ ಏನಾದರೂ ತಿಂದಿದ್ದಾನೆಯೇ ಎಂದು ಅವಳು ಕೇಳುತ್ತಾಳೆ.

ಗಾಯ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಪಟ್ಟಿ ಕಟ್ಟುತ್ತೇವೆ. ಗಾಬರಿ ಕಾಣುವುದಿಲ್ಲ, ಅದಕ್ಕೆ ಮಾತೇ ಪಟ್ಟಿ. ಎರಡನ್ನೂ ಕಟ್ಟಬೇಕಾದ ಕೈ ಒಂದೇ ಆಗಿರುವಾಗ, ಆ ಕೈಗೆ ಕೊಡುವ ಶಿಕ್ಷಣವೂ ಒಂದೇ ಆಗಿರಲಿ.